ಹಂಚಿಕೆಯೋ, ಹೇರಿಕೆಯೋ?

ಒಡೆಯನೊಬ್ಬನಾದ ಮೇಲೆ ಉಪಕರಣವೂ ಒಂದೇ ಆಗಿರತಕ್ಕದ್ದು, ಹತ್ತು ಕೋಣೆಗಳಲ್ಲಿ ಹತ್ತು ಒಲೆಗಳನ್ನು ಉರಿಸುವುದು ದುಂದುಗಾರಿಕೆಯಲ್ಲದೆ ಮತ್ತೇನು ಎಂಬ ವಾದವನ್ನು ಈಚೆಗೆ ತಿಳಿದವರ ಬಾಯಿಂದಲೂ ಕೇಳುತ್ತಿದ್ದೇನೆ. ಕಂಪ್ಯೂಟರಿನ ಮೇಲೆ ಆಡುವ ಆಟಗಳನ್ನು ರಚಿಸುವ ಸ್ಟುಡಿಯೋಗಳ ವಿಷಯದಲ್ಲಂತೂ ಇದು ವೇದವಾಕ್ಯದಂತೆ ನಡೆಯುತ್ತಿದೆ. ದೊಡ್ಡ ಕಂಪನಿಯು ಸಣ್ಣ ಸ್ಟುಡಿಯೋಗಳನ್ನು ಕ್ರಯಕ್ಕೆ ಕೊಳ್ಳುತ್ತದೆ. ಕೊಂಡ ಮೇಲೆ ಅವೆಲ್ಲಕ್ಕೂ ಒಂದೇ ಸಲಕರಣೆಯನ್ನು ಗೊತ್ತುಮಾಡುತ್ತದೆ. ಅದಕ್ಕೆ ‘ಹಂಚಿಕೆಯ ತಂತ್ರಜ್ಞಾನ’ವೆಂದು ಹೆಸರಿಡುತ್ತದೆ. ಹೆಸರೇನೋ ಸೊಗಸಾಗಿದೆ. ಆದರೆ ಬೇಡವೆನ್ನುವ ಅಧಿಕಾರವಿಲ್ಲದವನಿಗೆ ಕೊಟ್ಟದ್ದನ್ನು ಹಂಚಿಕೆಯೆನ್ನಲಾಗದು, ಹೇರಿಕೆಯೆನ್ನಬೇಕು. ಇದು ನನ್ನ ಪಕ್ಷವು.

ಸಾಹಿತ್ಯಸಂಘದ ಪತ್ರಿಕೆಯಲ್ಲಿ ಹುಡುಗರಾಟದ ಮಾತೇಕೆಂದು ಹುಬ್ಬುಗಂಟಿಕ್ಕುವ ವಾಚಕರು ಕೆಲವರಿರಬಹುದು. ಅವರಲ್ಲಿ ನನ್ನ ವಿಜ್ಞಾಪನೆಯಿಷ್ಟೇ: ಈ ಆಟಗಳಲ್ಲಿ ಕಥೆಯಿದೆ, ಪಾತ್ರಗಳಿವೆ, ಸಂಭಾಷಣೆಯಿದೆ, ಚಿತ್ರ ಸಂಗೀತಗಳಿವೆ, ದೊಡ್ಡ ಆಟವೊಂದಕ್ಕೆ ನೂರಾರು ಜನರು ನಾಲ್ಕೈದು ವರ್ಷ ದುಡಿಯುತ್ತಾರೆ. ಭರತಮುನಿಯು ಇಂದು ಇದ್ದಿದ್ದರೆ ಇದಕ್ಕೂ ಒಂದು ಅಧ್ಯಾಯವನ್ನು ಮೀಸಲಿಡದೆ ಇರುತ್ತಿರಲಿಲ್ಲ. ಕಲೆಯ ಉಪಕರಣವನ್ನು ಯಾರು ಆರಿಸಬೇಕೆಂಬ ಪ್ರಶ್ನೆಯು ವೀಣೆಗೂ ಕುಂಚಕ್ಕೂ ಎಷ್ಟು ಸಲ್ಲುವುದೋ ಇದಕ್ಕೂ ಅಷ್ಟೇ ಸಲ್ಲುವುದು.

ಗೇಮ್ ಎಂಜಿನ್ನೆಂದರೇನೆಂಬುದನ್ನು ಮೊದಲು ಹೇಳಬೇಕು. ಬೆಂಗಳೂರಿನಲ್ಲಿ ಇದೇ ಉದ್ಯೋಗದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನು ನನಗೆ ತಿಳಿಸಿಕೊಟ್ಟ ಕ್ರಮದಲ್ಲಿಯೇ ಹೇಳುತ್ತೇನೆ. ಪರದೆಯ ಮೇಲೆ ಬೆಳಕು ನೆರಳುಗಳನ್ನು ಮೂಡಿಸುವುದು, ಎಸೆದ ಕಲ್ಲು ನೆಲಕ್ಕೆ ಬೀಳುವಂತೆ ಲೆಕ್ಕಹಾಕುವುದು, ಸದ್ದನ್ನು ಹೊರಡಿಸುವುದು, ಆಡುವವನ ಬೆರಳೊತ್ತಿಗೆ ಪಾತ್ರವು ಓಡುವಂತೆ ಮಾಡುವುದು, ಇವು ಎಲ್ಲ ಆಟಗಳಿಗೂ ಬೇಕಾದ ಕೆಲಸಗಳು. ಆಟಕ್ಕೊಮ್ಮೆ ಹೊಸದಾಗಿ ಬರೆಯಬೇಕಾಗದಂತೆ ಇವನ್ನೆಲ್ಲ ಸಿದ್ಧಪಡಿಸಿಟ್ಟ ಪ್ರೋಗ್ರಾಮುಗಳ ಸಮುದಾಯವೇ ಎಂಜಿನ್ನು. ಚಿತ್ರಕಾರನೂ ಕಥೆಗಾರನೂ ದಿನವೂ ಬಳಸುವ ಸಲಕರಣೆಗಳೂ ಅದರೊಳಗೇ ಇರುತ್ತವೆ. ನಮ್ಮ ರೈತನಿಗೆ ಹೇಳುವುದಾದರೆ ಇದು ನೇಗಿಲು. ಎರೆಯ ಹೊಲಕ್ಕೆ ಬೇಕಾದದ್ದು ಒಂದು ಬಗೆ, ಮಸಾರಿಯ ಹೊಲಕ್ಕೆ ಬೇಕಾದದ್ದು ಇನ್ನೊಂದು ಬಗೆ.

ನಮ್ಮ ಶಾಸ್ತ್ರಕಾರರ ಪದ್ಧತಿಯಂತೆ ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆಯೇ ಮುಂದಿಡುತ್ತೇನೆ. ಎಂಜಿನ್ನನ್ನು ಕಟ್ಟುವುದಕ್ಕೆ ವರ್ಷಗಳು ಹಿಡಿಯುತ್ತವೆ. ಹತ್ತು ಸ್ಟುಡಿಯೋಗಳು ಹತ್ತನ್ನು ಕಟ್ಟಿದರೆ ಒಂದೇ ಕೆಲಸವು ಹತ್ತು ಸಲವಾಗುತ್ತದೆ. ಹೊರಗಿನಿಂದ ತಂದರೆ ಕಪ್ಪ ಕೊಡಬೇಕು. ಅಮೆರಿಕದ ಎಪಿಕ್ ಗೇಮ್ಸ್ ಕಂಪನಿಯ ಅನ್‌ರಿಯಲ್ ಎಂಜಿನ್ನಿಗೆ, ೨೦೨೦ರಿಂದೀಚಿನ ಸಾಮಾನ್ಯ ಕರಾರಿನಂತೆ, ಆಟವೊಂದರ ಉತ್ಪತ್ತಿಯು ಹತ್ತು ಲಕ್ಷ ಡಾಲರುಗಳನ್ನು ಮೀರಿದ ಮೇಲೆ ನೂರಕ್ಕೆ ಐದರಂತೆ ತೆರಬೇಕು. ಒಂದೇ ಎಂಜಿನ್ನಿನಲ್ಲಿ ಪಳಗಿದವನನ್ನು ಈ ಸ್ಟುಡಿಯೋದಿಂದ ಆ ಸ್ಟುಡಿಯೋಗೆ ಕಳುಹಿಸಬಹುದು. ಒಬ್ಬನು ಮಾಡಿದ ತಿದ್ದುಪಡಿಯು ಎಲ್ಲರಿಗೂ ಲಾಭ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದಿಷ್ಟೂ ಒಡೆಯನ ಲೆಕ್ಕದ ಪುಸ್ತಕದಲ್ಲಿ ಕಾಣುವ ಲಾಭವು. ಉಳುವವನ ಬೆನ್ನಿನ ಮೇಲೆ ಬೀಳುವ ವೆಚ್ಚಕ್ಕೆ ಆ ಪುಸ್ತಕದಲ್ಲಿ ಕಲಮೇ ಇಲ್ಲ.

ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಅಮೆರಿಕದ ಕಂಪನಿಯ ವೃತ್ತಾಂತವು ಇದಕ್ಕೆ ಮುಖ್ಯ ನಿದರ್ಶನವು. ಅದು ೨೦೦೬ರ ಹೊತ್ತಿಗೆ ಸ್ವೀಡನ್ ದೇಶದ ಸ್ಟಾಕ್‌ಹೋಮಿನ ಡೈಸ್ ಎಂಬ ಸ್ಟುಡಿಯೋವನ್ನು ಪೂರ್ಣವಾಗಿ ತನ್ನದಾಗಿಸಿಕೊಂಡಿತು. ಡೈಸಿನವರ ವಿಶೇಷ ಸಾಮರ್ಥ್ಯವು ಯುದ್ಧದ ಆಟ. ಆಡುವವನು ಸೈನಿಕನ ಕಣ್ಣಿನಿಂದಲೇ ರಣರಂಗವನ್ನು ನೋಡುತ್ತಾನೆ. ಬಂದೂಕುಗಳು, ಟ್ಯಾಂಕುಗಳು, ಕುಸಿದುಬೀಳುವ ಗೋಡೆಗಳು. ಈ ಕೆಲಸಕ್ಕಾಗಿಯೇ ಅವರು ಫ್ರಾಸ್ಟ್‌ಬೈಟ್ ಎಂಬ ಎಂಜಿನ್ನನ್ನು ಕಟ್ಟಿ, ೨೦೦೮ರಲ್ಲಿ ‘ಬ್ಯಾಟಲ್‌ಫೀಲ್ಡ್: ಬ್ಯಾಡ್ ಕಂಪನಿ’ಯಲ್ಲಿ ಮೊದಲು ಬಳಸಿದರು. ತಮ್ಮ ಹೊಲಕ್ಕೆ ತಾವೇ ಮಾಡಿಕೊಂಡ ನೇಗಿಲು. ಬಹಳ ಒಳ್ಳೆಯ ನೇಗಿಲೆಂಬುದರಲ್ಲಿ ಸಂಶಯವಿಲ್ಲ.

ಅದೇ ೨೦೦೮ರಲ್ಲಿ ಅದೇ ಒಡೆಯನು ಕೆನಡಾ ದೇಶದ ಎಡ್ಮಂಟನ್ನಿನ ಬಯೋವೇರ್ ಸ್ಟುಡಿಯೋವನ್ನೂ ಕೊಂಡನು. ಬಯೋವೇರಿನವರ ಹೊಲವೇ ಬೇರೆ. ಅವರದು ಕಥಾಪ್ರಧಾನವಾದ ಆಟ. ನಾಯಕನು ಸಂಗಡಿಗರನ್ನು ಕೂಡಿಕೊಂಡು ಊರೂರು ಸುತ್ತುತ್ತಾನೆ, ಮಾತನಾಡುತ್ತಾನೆ, ಸ್ನೇಹ ವೈರಗಳನ್ನು ಬೆಳೆಸುತ್ತಾನೆ. ಆಡುವವನು ಆರಿಸಿದ ಮಾತಿನಂತೆ ಕಥೆಯು ತಿರುಗುತ್ತದೆ. ‘ಮಾಸ್ ಎಫೆಕ್ಟ್’ ಎಂಬ ಅವರ ಮೂರು ಆಟಗಳು, ೨೦೦೭ರಿಂದ ೨೦೧೨ರವರೆಗೆ ಬಂದವು, ಅನ್‌ರಿಯಲ್ ಎಂಜಿನ್ನಿನ ಮೇಲೆಯೂ, ‘ಡ್ರ್ಯಾಗನ್ ಏಜ್’ ಎಂಬ ಇನ್ನೊಂದು ಮಾಲೆಯ ಮೊದಲ ಆಟಗಳು ಅವರ ಸ್ವಂತ ಎಂಜಿನ್ನಿನ ಮೇಲೆಯೂ ನಿಂತಿದ್ದವು. ಎರಡೂ ಚೆನ್ನಾಗಿಯೇ ಫಲಿಸಿದ್ದವು. ತರುವಾಯ ಎರಡನ್ನೂ ಬಿಟ್ಟು ಫ್ರಾಸ್ಟ್‌ಬೈಟನ್ನು ಹಿಡಿಯಬೇಕಾಯಿತು.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ವಾಚಕರು ಗಮನಿಸಬೇಕು. ಯುದ್ಧದ ಆಟದ ಸೈನಿಕನಿಗೆ ಗಂಟುಮೂಟೆಯಿಲ್ಲ. ಕಥೆಯ ನಾಯಕನಿಗೆ ಖಡ್ಗ, ಔಷಧಿ, ಉಂಗುರ, ಓಲೆಗಳೆಲ್ಲ ತುಂಬಿದ ಚೀಲವೊಂದು ಬೇಕು. ಸೈನಿಕನು ಸತ್ತರೆ ಮತ್ತೆ ಹುಟ್ಟಿ ಓಡುತ್ತಾನೆ; ಕಥೆಯ ನಾಯಕನು ನೂರು ಗಂಟೆಗಳ ಕಾಲ ನಡೆದು ಬಂದ ದಾರಿಯನ್ನೂ ಆಡಿದ ಮಾತುಗಳನ್ನೂ ನೆನಪಿನಲ್ಲಿ ಉಳಿಸುವ ಏರ್ಪಾಡು ಬೇಕು. ಸೈನಿಕನನ್ನು ಅವನ ಕಣ್ಣಿನ ಒಳಗಿನಿಂದ ನೋಡಿದರಾಯಿತು. ನಾಯಕನನ್ನು ಬೆನ್ನ ಹಿಂದಿನಿಂದ ನೋಡಬೇಕು. ಬಯೋವೇರಿನವರ ಕೈಗೆ ಬಂದಾಗ ಫ್ರಾಸ್ಟ್‌ಬೈಟಿನಲ್ಲಿ ಇಂಥ ಕಥಾಪ್ರಧಾನ ಆಟದ ಅಂಗಗಳು ಇರಲಿಲ್ಲ. ಒಂದೊಂದನ್ನೂ ಅವರೇ ಕಟ್ಟಿಕೊಳ್ಳಬೇಕಾಯಿತು. ಎಂಜಿನ್ನಿನ ಹೊಸ ಆವೃತ್ತಿಯು ಬಂದಾಗ ಕಟ್ಟಿದ್ದನ್ನು ಅದಕ್ಕೆ ಹೊಂದಿಸುವ ದುಡಿಮೆಯೂ ಅವರ ಪಾಲಿಗೇ ಬಂದಿತು. ಒಂದೇ ಕೆಲಸವು ಹತ್ತು ಸಲವಾಗಬಾರದೆಂದು ಹೊರಟ ಮಿತವ್ಯಯವು ಇಲ್ಲಿಗೆ ಬಂದು ಮುಟ್ಟಿತು!

೨೦೧೪ರ ‘ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್’ ಗೆದ್ದಿತು, ಆ ವರ್ಷದ ಶ್ರೇಷ್ಠ ಆಟವೆಂಬ ಬಹುಮಾನವನ್ನೂ ಪಡೆಯಿತು. ಪೂರ್ವಪಕ್ಷಿಗಳು ಇದನ್ನೇ ಎತ್ತಿ ತೋರಿಸುತ್ತಾರೆ. ಮೊಂಡು ಕತ್ತಿಯಿಂದಲೂ ನಿಪುಣನಾದ ಬಡಗಿಯು ಬಾಗಿಲನ್ನು ಮಾಡಬಲ್ಲನು; ಅದರಿಂದ ಹೊಗಳಿಕೆಯು ಬಡಗಿಗೆ ಸಲ್ಲಬೇಕೇ ಹೊರತು ಕತ್ತಿಗಲ್ಲ. ೨೦೧೭ರ ‘ಮಾಸ್ ಎಫೆಕ್ಟ್: ಆಂಡ್ರೋಮಿಡಾ’ ನಗೆಪಾಟಲಿಗೆ ಈಡಾಯಿತು. ೨೦೧೯ರ ಫೆಬ್ರವರಿಯಲ್ಲಿ ಬಂದ ‘ಆಂಥೆಮ್’ ಎಂಬುದು ನೆಲಕಚ್ಚಿತು. ಅದನ್ನು ಪುನಃ ಕಟ್ಟುವ ಪ್ರಯತ್ನವನ್ನು ೨೦೨೧ರ ಫೆಬ್ರವರಿಯಲ್ಲಿ ಕೈಬಿಟ್ಟರು. ಈ ಸೋಲುಗಳಿಗೆಲ್ಲ ಎಂಜಿನ್ನೊಂದೇ ಕಾರಣವೆಂದು ನಾನು ಹೇಳಲಾರೆ. ಏನನ್ನು ಮಾಡಬೇಕೆಂಬುದನ್ನೇ ನಿಶ್ಚಯಿಸಲಾರದೆ ವರ್ಷಗಟ್ಟಲೆ ಕಳೆದ ಮೇಲಣವರ ಅವಿವೇಕವೂ ಸೇರಿತ್ತು. ಆದರೆ ಜೇಸನ್ ಶ್ರೈಯರ್ ಎಂಬ ಪತ್ರಿಕಾಕರ್ತನು ೨೦೧೯ರಲ್ಲಿ ಆ ಸ್ಟುಡಿಯೋದಲ್ಲಿ ದುಡಿದವರನ್ನೇ ವಿಚಾರಿಸಿ ಬರೆದ ವರದಿಯಲ್ಲಿ ಎಂಜಿನ್ನಿನ ಸಂಕಟವು ಮತ್ತೆ ಮತ್ತೆ ಬರುತ್ತದೆ. ಅದೇ ಒಡೆಯನ ಕಾಲ್ಚೆಂಡಿನ ಆಟವಾದ ‘ಫಿಫಾ’ ೨೦೧೬ರಲ್ಲಿ ಫ್ರಾಸ್ಟ್‌ಬೈಟಿಗೆ ಬಂದಿತು. ಅದು ವರ್ಷವರ್ಷವೂ ಹಣದ ಹೊಳೆಯನ್ನು ಹರಿಸುವ ಆಟ. ಎಂಜಿನ್ನನ್ನು ಬಲ್ಲ ಕುಶಲರೆಲ್ಲ ಅತ್ತ ಹೋದರು, ಇತ್ತಣ ಮನೆಯವರು ಸಹಾಯಕ್ಕಾಗಿ ಕಾಯುತ್ತ ಕುಳಿತರು ಎಂಬುದು ಆ ವರದಿಯ ತಾತ್ಪರ್ಯ. ಒಂದೇ ಬಾವಿಯೆಂದರೆ ಸರದಿಯೂ ಉಂಟು. ಸರದಿಯೆಂದರೆ ಯಾರ ಕೊಡವು ಮೊದಲೆಂಬ ನಿರ್ಣಯವೂ ಉಂಟು. ಆ ನಿರ್ಣಯವನ್ನು ಬಾಯಾರಿಕೆಯನ್ನು ನೋಡಿ ಮಾಡುವುದಿಲ್ಲ, ಆದಾಯವನ್ನು ನೋಡಿ ಮಾಡುತ್ತಾರೆ.

“ಯಾರೂ ಬಲಾತ್ಕರಿಸಲಿಲ್ಲ, ಬಯೋವೇರಿನವರೇ ಒಪ್ಪಿ ತೆಗೆದುಕೊಂಡರು” ಎಂಬುದು ಪೂರ್ವಪಕ್ಷದ ಕೊನೆಯ ಬಾಣವು. ೨೦೧೭ರಲ್ಲಿ ಆ ಸ್ಟುಡಿಯೋವನ್ನು ಬಿಟ್ಟ ಅದರ ಮುಖ್ಯಸ್ಥ ಆರಿನ್ ಫ್ಲಿನ್ ಅವರೇ, ಅದು ತಮ್ಮದೇ ನಿರ್ಧಾರವಾಗಿತ್ತೆಂದು ತರುವಾಯ ಹೇಳಿರುವರು. ಅವರ ಮಾತನ್ನು ನಾನು ಸುಳ್ಳೆನ್ನುವುದಿಲ್ಲ. ಆದರೆ ಒಪ್ಪಿಗೆಯ ಸ್ವರೂಪವನ್ನು ವಿಚಾರಿಸಬೇಡವೆ? ಮನೆಯ ಎಂಜಿನ್ನನ್ನು ಹಿಡಿದರೆ ಪರವಾನಗಿಯ ಹಣವಿಲ್ಲ, ಯಜಮಾನನ ಪ್ರಸನ್ನತೆಯುಂಟು. ಹೊರಗಿನದನ್ನು ಕೇಳಿದರೆ ವೆಚ್ಚಕ್ಕೆ ಸಮಜಾಯಿಷಿ ಕೊಡಬೇಕು, ಮುಂದೆ ಆಟವು ಸೋತರೆ ಆ ಹಠವನ್ನೇ ಎತ್ತಿ ಆಡುವರು. ಇಂತಹ ತಕ್ಕಡಿಯಲ್ಲಿ ತೂಗಿ ಆರಿಸಿದ್ದು ಸ್ವಂತ ನಿರ್ಧಾರವೆಂಬುದು ವ್ಯಾಕರಣಕ್ಕೆ ಸರಿ. ನಾನು ಮೂವತ್ತು ವರ್ಷ ಉಪಾಧ್ಯಾಯನಾಗಿದ್ದವನು; ಮೇಲಿನವರು ಕಳುಹಿಸಿದ ಪಠ್ಯಪುಸ್ತಕವನ್ನು ಸಭೆ ಸೇರಿ ‘ಸರ್ವಾನುಮತದಿಂದ’ ಆರಿಸಿದ್ದುಂಟು. ಆದುದರಿಂದ ಈ ಬಗೆಯ ಸರ್ವಾನುಮತದ ರುಚಿಯು ನನಗೆ ಹೊಸದಲ್ಲ.

ಇದಕ್ಕೆ ಪ್ರತಿಯಾಗಿ ರೆಸ್ಪಾನ್ ಎಂಬ ಸ್ಟುಡಿಯೋವನ್ನು ನೋಡಿರಿ. ಅದನ್ನು ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯು ಕೊಂಡುದು ೨೦೧೭ರ ಕೊನೆಗೆ. ಅಷ್ಟರಲ್ಲಾಗಲೇ ಅದರ ಕೈಯಲ್ಲಿದ್ದ ಆಟಗಳಿಗೆ ಬೇರೆ ನೇಗಿಲುಗಳು ಕಟ್ಟಿದ್ದವು. ‘ಏಪೆಕ್ಸ್ ಲೆಜೆಂಡ್ಸ್’ ಆಟವು ವಾಲ್ವ್ ಕಂಪನಿಯ ಸೋರ್ಸ್ ಎಂಜಿನ್ನನ್ನು ತಿದ್ದಿಕೊಂಡು ಸಿದ್ಧವಾಯಿತು. ಅದೇ ವರ್ಷದ ಕೊನೆಗೆ ಬಂದ ‘ಸ್ಟಾರ್ ವಾರ್ಸ್ ಜೆಡೈ: ಫಾಲನ್ ಆರ್ಡರ್’ ಅನ್‌ರಿಯಲ್ ಮೇಲೆ ನಿಂತಿತು. ಎರಡೂ ಗೆದ್ದವು. ಏಪೆಕ್ಸ್ ಬಂದ ತಿಂಗಳಾದರೂ ಯಾವುದು? ೨೦೧೯ರ ಫೆಬ್ರವರಿ, ಆಂಥೆಮ್ ಬಂದ ತಿಂಗಳೇ! ಒಂದೇ ಒಡೆಯ, ಒಂದೇ ಮಾಸ, ಎರಡು ಫಲ. ಬಯೋವೇರಿನವರು ೨೦೨೪ರ ಅಕ್ಟೋಬರಿನ ‘ಡ್ರ್ಯಾಗನ್ ಏಜ್: ದ ವೇಲ್‌ಗಾರ್ಡ್’ ಆಟದವರೆಗೂ ಫ್ರಾಸ್ಟ್‌ಬೈಟಿನಲ್ಲಿಯೇ ನಡೆದರು; ಮುಂದಿನ ಮಾಸ್ ಎಫೆಕ್ಟಿಗೆ ಮಾತ್ರ ಅನ್‌ರಿಯಲ್ಲಿಗೆ ಮರಳುತ್ತಿರುವರು. ಹತ್ತು ವರ್ಷಗಳಿಗೂ ಮಿಕ್ಕಿ ಸುತ್ತಿ, ಹೊರಟ ಮನೆಯ ಬಾಗಿಲಿಗೇ ಬಂದ ಹಾಗಾಯಿತು.

ಹಂಚಿಕೆಯು ಹೇರಿಕೆಯಾಗುವುದು ಒಂದು ಬಗೆ. ಹಂಚಿಕೆಯೇ ನಿಂತುಹೋಗುವುದು ಇನ್ನೊಂದು ಬಗೆ. ಎರಡಕ್ಕೂ ಮೂಲವು ಒಡೆತನವೇ. ಇಂಗ್ಲೆಂಡಿನ ಗಿಲ್‌ಫರ್ಡಿನಲ್ಲಿ ಕ್ರೈಟೀರಿಯನ್ ಎಂಬುವರು ರೆಂಡರ್‌ವೇರ್ ಎಂಬ ಸಲಕರಣೆಯನ್ನು ಮಾರುತ್ತಿದ್ದರು. ಅವರ ಒಡೆಯನು ಜಪಾನಿನ ಕ್ಯಾನನ್, ಕ್ಯಾಮರಾಗಳನ್ನು ಮಾಡುವ ಕಂಪನಿ. ಅದಕ್ಕೆ ಆಟಗಳ ವ್ಯಾಪಾರದಲ್ಲಿ ಸ್ಪರ್ಧೆಯಿರಲಿಲ್ಲ. ತಾನು ಬೇಸಾಯ ಮಾಡದ ನೆರೆಯವನ ಬಾವಿಯಿದ್ದ ಹಾಗೆ, ಎಲ್ಲರೂ ನಿಶ್ಚಿಂತೆಯಿಂದ ನೀರು ಸೇದಿದರು. ೨೦೦೧ರಿಂದ ೨೦೦೪ರವರೆಗೆ ಬಂದ ‘ಗ್ರ್ಯಾಂಡ್ ಥೆಫ್ಟ್ ಆಟೋ’ ಮಾಲೆಯ ಮೂರು ದೊಡ್ಡ ಆಟಗಳೂ ಇದರ ಮೇಲೆಯೇ ನಿಂತವು. ೨೦೦೪ರಲ್ಲಿ ಆ ಬಾವಿಯನ್ನು ಕೊಂಡವರು ಮತ್ತೆ ಅದೇ ಎಲೆಕ್ಟ್ರಾನಿಕ್ ಆರ್ಟ್ಸ್! ಪ್ರತಿಸ್ಪರ್ಧಿಯ ಅಂಗಳದ ಬಾವಿಯಿಂದ ತನ್ನ ಮನೆಗೆ ನೀರು ತರಿಸುವವನು ಯಾರು? ಗ್ರ್ಯಾಂಡ್ ಥೆಫ್ಟ್ ಆಟೋದ ರಾಕ್‌ಸ್ಟಾರ್ ಸಂಸ್ಥೆಯು ತನ್ನದೇ ಎಂಜಿನ್ನನ್ನು ಕಟ್ಟಿ ೨೦೦೬ರಲ್ಲಿ ಹೊರತಂದಿತು. ರೆಂಡರ್‌ವೇರ್ ಮಾರುಕಟ್ಟೆಯಿಂದ ಮರೆಯಾಯಿತು.

ಐಡಿ ಸಾಫ್ಟ್‌ವೇರಿನ ಕಥೆಯು ಇನ್ನೂ ವ್ಯಸನವನ್ನುಂಟುಮಾಡುವುದು. ‘ಡೂಮ್’ ಆಟದ ಸೋರ್ಸ್ ಕೋಡೆಂಬ ಮೂಲಬರಹವನ್ನು ೧೯೯೭ರಲ್ಲಿಯೂ ‘ಕ್ವೇಕ್’ ಆಟದ್ದನ್ನು ೧೯೯೯ರಲ್ಲಿಯೂ ಲೋಕಕ್ಕೆ ಬಿಚ್ಚಿಟ್ಟ ಮಹನೀಯರವರು. ನಮ್ಮ ಪಾಠಶಾಲೆಗಳಲ್ಲಿ ಗುರುಗಳು ತಾಳೆಯೋಲೆಯ ಕಟ್ಟನ್ನು ಶಿಷ್ಯರ ಮುಂದೆ ಬಿಚ್ಚುತ್ತಿದ್ದ ರೀತಿಯದು. ಎಷ್ಟೋ ಜನ ತರುಣರು ಅದನ್ನು ಓದಿಯೇ ಈ ವಿದ್ಯೆಯನ್ನು ಕಲಿತರು. ೨೦೦೯ರಲ್ಲಿ ಆ ಸ್ಟುಡಿಯೋವನ್ನು ಜೆನಿಮ್ಯಾಕ್ಸ್ ಕಂಪನಿಯು ಕೊಂಡಿತು. ಮರುವರ್ಷವೇ, ಹೊಸ ಎಂಜಿನ್ನು ನಮ್ಮ ಮನೆಯ ಆಟಗಳಿಗೆ ಮಾತ್ರವೆಂಬ ಮಾತು ಹೊರಟಿತು. ಜೆನಿಮ್ಯಾಕ್ಸನ್ನು ೨೦೨೧ರಲ್ಲಿ ಮೈಕ್ರೋಸಾಫ್ಟ್ ನುಂಗಿತು.

“ಹಾಗಾದರೆ ಮನೆಯ ಎಂಜಿನ್ನುಗಳೇ ಬೇಡ, ಎಲ್ಲರೂ ಪೇಟೆಯಲ್ಲಿ ಸಿಕ್ಕುವ ಅನ್‌ರಿಯಲ್ಲನ್ನೋ ಯೂನಿಟಿಯನ್ನೋ ತರಲಿ” ಎನ್ನುವಿರಾ? ಹಾಗೆಯೇ ನಡೆಯುತ್ತಿದೆ. ಪೋಲೆಂಡಿನ ಸಿಡಿ ಪ್ರಾಜೆಕ್ಟಿನವರು ತಮ್ಮ ಸ್ವಂತ ಎಂಜಿನ್ನನ್ನು ಬಿಟ್ಟು ಅನ್‌ರಿಯಲ್ಲಿಗೆ ಹೋಗುವುದಾಗಿ ೨೦೨೨ರಲ್ಲಿ ಸಾರಿದರು. ಮೈಕ್ರೋಸಾಫ್ಟಿನ ‘ಹೇಲೋ’ ಆಟದವರು ೨೦೨೪ರಲ್ಲಿ ಅದನ್ನೇ ಸಾರಿದರು. ಆದರೆ ಪೇಟೆಯ ಬಾವಿಗೆ ಒಡೆಯನಿಲ್ಲವೆ? ಎಪಿಕ್ ಗೇಮ್ಸ್ ತಾನೇ ‘ಫೋರ್ಟ್‌ನೈಟ್’ ಎಂಬ ಆಟವನ್ನು ನಡೆಸುವ ವ್ಯಾಪಾರಿ. ಚೀನಾ ದೇಶದ ಟೆನ್ಸೆಂಟ್ ೨೦೧೨ರಲ್ಲಿ ಅದರ ನೂರಕ್ಕೆ ಸುಮಾರು ನಲವತ್ತು ಪಾಲನ್ನು ಕೊಂಡಿತು. ಸೋನಿಯೂ ಡಿಸ್ನಿಯೂ ತರುವಾಯ ಹಣ ತೊಡಗಿಸಿದವು. ಆಡಳಿತದ ಸೂತ್ರವು ಇನ್ನೂ ಸ್ಥಾಪಕ ಟಿಮ್ ಸ್ವೀನಿಯವರ ಕೈಯಲ್ಲಿದೆಯೆಂಬುದು ನಿಜ. ಒಬ್ಬ ಮನುಷ್ಯನ ಸದ್ಬುದ್ಧಿಯನ್ನು ಕರಾರುಪತ್ರವೆಂದು ತಿಳಿಯುವುದು ಜಾಣತನವಲ್ಲ.

ಯೂನಿಟಿಯ ಸಂಗತಿಯನ್ನಂತೂ ಈ ಉದ್ಯೋಗದಲ್ಲಿ ಮರೆತವರಿರಲಾರರು. ಅದರ ಷೇರುಗಳು ೨೦೨೦ರಲ್ಲಿ ಪೇಟೆಗೆ ಬಂದವು. ೨೦೨೩ರ ಸೆಪ್ಟೆಂಬರ್ ೧೨ರಂದು ಕಂಪನಿಯು ಹಠಾತ್ತಾಗಿ ಸಾರಿತು: ಮುಂದಿನ ಜನವರಿಯಿಂದ, ಗೊತ್ತಾದ ಮಿತಿಯನ್ನು ಮೀರಿದ ಆಟಗಳು, ಆಡುವವರ ಯಂತ್ರಗಳಲ್ಲಿ ಒಂದೊಂದು ಸಲ ಇಳಿದಾಗಲೂ ಶುಲ್ಕ ತೆರಬೇಕು. ವರ್ಷಗಳ ಹಿಂದೆ ಬೇರೆ ಕರಾರನ್ನು ನಂಬಿ ತಯಾರಾಗಿ ಮಾರಾಟವಾಗುತ್ತಿದ್ದ ಆಟಗಳಿಗೂ ಇದು ಅನ್ವಯವೆಂದಾಗ ಸಣ್ಣ ಸ್ಟುಡಿಯೋಗಳವರು ಬೊಬ್ಬಿಟ್ಟರು. ಮನೆಯನ್ನು ಕಟ್ಟಿಯಾದ ಮೇಲೆ ಇಟ್ಟಿಗೆಯವನು ಬಂದು, ಒಳಹೊಕ್ಕ ಅತಿಥಿಯೊಬ್ಬನಿಗೆ ಇಷ್ಟೆಂದು ಕೇಳಿದ ಹಾಗಾಯಿತಲ್ಲವೆ? ಮುಖ್ಯಾಧಿಕಾರಿ ಜಾನ್ ರಿಕಿಟಿಯೆಲ್ಲೋ ಅಕ್ಟೋಬರಿನಲ್ಲಿ ಪದವಿಯನ್ನು ಬಿಟ್ಟರು. ಶುಲ್ಕವನ್ನು ಮೊದಲು ಸಡಿಲಿಸಿ, ೨೦೨೪ರ ಸೆಪ್ಟೆಂಬರಿನಲ್ಲಿ ರದ್ದುಮಾಡಿದರು. ಈ ಮಹಾಶಯರು ೨೦೦೭ರಿಂದ ೨೦೧೩ರವರೆಗೆ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ಮುಖ್ಯಸ್ಥರಾಗಿದ್ದವರೇ ಎಂಬುದನ್ನು ಪ್ರಸಂಗವಶಾತ್ ಹೇಳಿದ್ದೇನೆ.

ಒಡೆತನವೆಂದರೆ ಸರ್ವಥಾ ಅನಿಷ್ಟವೆಂದು ನನ್ನ ಅಭಿಪ್ರಾಯವಲ್ಲ. ಸೋನಿಯ ಸ್ವಾಧೀನದಲ್ಲಿ ನಾಟಿ ಡಾಗ್, ಇನ್‌ಸಾಮ್ನಿಯಾಕ್, ಗೆರಿಲ್ಲಾ ಮೊದಲಾದ ಸ್ಟುಡಿಯೋಗಳಿವೆ. ಒಂದೊಂದಕ್ಕೂ ತನ್ನದೇ ಎಂಜಿನ್ನು. ಒಂದೇ ಸೂರಿನ ಕೆಳಗೆ ಬೇರೆ ಬೇರೆ ಒಲೆಗಳು ಉರಿಯುತ್ತಿವೆ, ಮನೆಯು ದಿವಾಳಿಯೆದ್ದಿಲ್ಲ. ಇವುಗಳಲ್ಲಿ ಹಾಲೆಂಡಿನ ಗೆರಿಲ್ಲಾದವರ ಎಂಜಿನ್ನಿನ ಕಥೆಯು ಕೇಳತಕ್ಕದ್ದು. ಜಪಾನಿನ ಪ್ರಸಿದ್ಧ ಆಟಗಾರಿಕೆಯ ಕರ್ತೃ ಹಿಡಿಯೋ ಕೊಜಿಮಾ, ಹಳೆಯ ಕಂಪನಿಯನ್ನು ಬಿಟ್ಟು ಸ್ವತಂತ್ರನಾಗಿ, ತಕ್ಕ ಎಂಜಿನ್ನನ್ನು ಹುಡುಕುತ್ತ ೨೦೧೬ರಲ್ಲಿ ಊರೂರು ತಿರುಗಿದನು. ಗೆರಿಲ್ಲಾದವರು ಕರಾರಿಗೆ ರುಜುವಾಗುವ ಮೊದಲೇ ಸೋರ್ಸ್ ಕೋಡನ್ನು ಅವನ ಕೈಯಲ್ಲಿಟ್ಟರು. ಆ ವಿಶ್ವಾಸಕ್ಕೆ ಮನಸೋತು ಅವನು ಅದನ್ನೇ ಆರಿಸಿದನು. ೨೦೧೯ರ ‘ಡೆತ್ ಸ್ಟ್ರ್ಯಾಂಡಿಂಗ್’ ಅದರಿಂದ ಹುಟ್ಟಿತು. ಎಂಜಿನ್ನಿಗೆ ಡೆಸಿಮಾ ಎಂದು ಹೆಸರಿಟ್ಟರು. ಹಿಂದೆ ಡಚ್ಚರೂ ಜಪಾನೀಯರೂ ವ್ಯಾಪಾರ ನಡೆಸುತ್ತಿದ್ದ ನಾಗಸಾಕಿಯ ಡೆಜಿಮಾ ದ್ವೀಪದ ನೆನಪಿಗೆ. ಕೊಟ್ಟವನಿಗೂ ಕೊಂಡವನಿಗೂ ಬೇಡವೆನ್ನುವ ಸ್ವಾತಂತ್ರ್ಯವಿತ್ತು. ನಾನು ಹಂಚಿಕೆಯೆನ್ನುವುದು ಇದನ್ನು.

ಆದಕಾರಣ ಕೇಳಬೇಕಾದದ್ದು ಬಹಳವಿಲ್ಲ. ಯಾವ ಆಟಕ್ಕೆ ಯಾವ ಎಂಜಿನ್ನೆಂಬುದನ್ನು ಅದರೊಡನೆ ದಿನವೂ ಹೆಣಗುವವರು ನಿರ್ಣಯಿಸಲಿ; ಒಡೆಯನು ವೆಚ್ಚದ ಮಿತಿಯನ್ನು ಮಾತ್ರ ಹಾಕಲಿ. ಮನೆಯ ಎಂಜಿನ್ನನ್ನು ನಿರಾಕರಿಸಿದ ಸ್ಟುಡಿಯೋವನ್ನು ದ್ರೋಹಿಯೆಂದು ಕಾಣದಿರಲಿ. ಪೇಟೆಯ ಎಂಜಿನ್ನಾದರೆ, ಆಟವನ್ನು ಆರಂಭಿಸಿದ ದಿನದ ಕರಾರೇ ಆ ಆಟದ ಆಯುಷ್ಯವಿರುವವರೆಗೆ ನಡೆಯಲಿ. ಇವು ಆಕಾಶದ ಚಂದ್ರನನ್ನು ಬೇಡುವ ಬೇಡಿಕೆಗಳಲ್ಲ. ಒಡೆಯನಿಲ್ಲದ ಎಂಜಿನ್ನೂ ಈಗ ಉಂಟು: ಅರ್ಜೆಂಟೀನಾದ ಇಬ್ಬರು ಆರಂಭಿಸಿದ ಗೊಡೊ ಎಂಬುದರ ಸೋರ್ಸ್ ಕೋಡು ೨೦೧೪ರಿಂದ ಸರ್ವರಿಗೂ ಮುಕ್ತವಾಗಿದೆ. ದೊಡ್ಡ ಆಟಗಳ ಭಾರವನ್ನು ಅದು ಇನ್ನೂ ಅಷ್ಟಾಗಿ ಹೊತ್ತಿಲ್ಲ. ಆದರೆ ಯೂನಿಟಿಯ ಗದ್ದಲದಲ್ಲಿ ಬಹುಜನರು ಆಶ್ರಯಕ್ಕೆಂದು ತಿರುಗಿ ನೋಡಿದ್ದು ಅದರ ಕಡೆಗೆ.

ದೂರದ ಸ್ವೀಡನ್ನಿನ ಅವಿವೇಕವು ನಮ್ಮ ಬೆಂಗಳೂರಿಗೂ ಬಂದು ಮುಟ್ಟಿದ್ದುಂಟು. ೧೯೯೭ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಈ ದೇಶದ ಹಳೆಯ ಗೇಮ್ ಸ್ಟುಡಿಯೋಗಳಲ್ಲೊಂದು. ಹೊರದೇಶದ ದೊಡ್ಡ ಆಟಗಳಿಗೆ ಚಿತ್ರಶಿಲ್ಪದ ಕೆಲಸವನ್ನು ಮಾಡಿಕೊಡುತ್ತಿತ್ತು. ೨೦೧೬ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿಯು ಅದರ ಬಹುಪಾಲನ್ನು ಕೊಂಡಿತು. ಆ ಸ್ಟಾರ್‌ಬ್ರೀಜಿನ ಮೇಲಣವರು ಹಿಂದಿನ ವರ್ಷವಷ್ಟೇ ವಾಲ್ಹಾಲಾ ಎಂಬ ಎಂಜಿನ್ನನ್ನು ದೊಡ್ಡ ಮೊತ್ತಕ್ಕೆ ಖರೀದಿಸಿ, ‘ದ ವಾಕಿಂಗ್ ಡೆಡ್’ ಕಥೆಯ ತಮ್ಮ ಆಟವನ್ನು ಅದರ ಮೇಲೆ ಕಟ್ಟಿಸಲು ಹೊರಟಿದ್ದರು. ಕಟ್ಟುವವರು ಎಷ್ಟು ಹೆಣಗಿದರೂ ಅದು ಸಾಗಲಿಲ್ಲ. ಕಡೆಗೆ ಅದನ್ನು ಬಿಟ್ಟು ಅನ್‌ರಿಯಲ್ಲಿಗೆ ಓಡಿದರು. ಅಷ್ಟರಲ್ಲಿ ವರ್ಷಗಳು ಕಳೆದಿದ್ದವು. ೨೦೧೮ರ ನವೆಂಬರಿನಲ್ಲಿ ಹೊರಬಂದ ಆಟವು ಸೋತಿತು. ಡಿಸೆಂಬರಿನಲ್ಲಿ ಕಂಪನಿಯು ಸಾಲಗಾರರಿಂದ ರಕ್ಷಣೆಯನ್ನು ಕೇಳಿ ನ್ಯಾಯಾಲಯಕ್ಕೆ ಹೋಯಿತು. ಕಂಪನಿಯ ಬೇರೆ ದುಂದುಗಳೂ ಇದಕ್ಕೆ ಕಾರಣವೆನ್ನಿ. ಹಣ ಹೊಂದಿಸಲು ಮಾರಿದ ಆಸ್ತಿಗಳಲ್ಲಿ ನಮ್ಮ ಧ್ರುವವೂ ಒಂದಾಯಿತು. ೨೦೧೯ರ ಮೇ ತಿಂಗಳಿನಲ್ಲಿ ೭೯ ಲಕ್ಷ ಡಾಲರಿಗೆ ರಾಕ್‌ಸ್ಟಾರ್ ಅದನ್ನು ಕೊಂಡು, ಬೆಂಗಳೂರಿನ ತನ್ನ ಶಾಖೆಯೊಡನೆ ಕೂಡಿಸಿಕೊಂಡಿತು. ರೆಂಡರ್‌ವೇರ್ ಕೈತಪ್ಪಿದ ಮೇಲೆ ತನ್ನ ಎಂಜಿನ್ನನ್ನು ತಾನೇ ಕಟ್ಟಿಕೊಂಡ ಅದೇ ರಾಕ್‌ಸ್ಟಾರ್.

ಸ್ಟಾಕ್‌ಹೋಮಿನಲ್ಲಿ ಎಂಜಿನ್ನನ್ನು ಆ ದಿನ ಆರಿಸಿದವರಿಗೆ ಬೆಂಗಳೂರಿನ ಚಿತ್ರಕಾರರ ನೆನಪು ಬಂದಿರಲಾರದು. ಈಗ ೨೦೨೫ರ ಸೆಪ್ಟೆಂಬರಿನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯನ್ನೇ ೫,೫೦೦ ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದವು ಪ್ರಕಟವಾಗಿದೆ. ಕೊಳ್ಳುವವರಲ್ಲಿ ಸೌದಿ ಅರೇಬಿಯದ ಸಾರ್ವಜನಿಕ ನಿಧಿಯು ಮುಖ್ಯವಾದುದು, ಮೊತ್ತದಲ್ಲಿ ೨,೦೦೦ ಕೋಟಿ ಡಾಲರು ಸಾಲದ ಹಣ. ಆ ಸಾಲದ ಬಡ್ಡಿಯು ಆಟಗಳ ಉತ್ಪತ್ತಿಯಿಂದಲೇ ಹುಟ್ಟಬೇಕು. ಹೊರಗಿನ ಎಂಜಿನ್ನಿಗೆ ಪರವಾನಗಿಯ ಹಣವನ್ನು ಕೇಳುವ ಮುಂದಿನ ಸ್ಟುಡಿಯೋದ ಅರ್ಜಿಯು ಯಾರ ಮೇಜಿನ ಮೇಲೆ ಬೀಳುವುದೋ, ಅವರ ಎದುರಿಗೆ ಆ ಬಡ್ಡಿಯ ಲೆಕ್ಕವೂ ತೆರೆದಿರುತ್ತದೆ.